ಕಪ್ಪು ಗೆರೆಯ ಹನ್ನೊಂದು ಹಾಳೆ

ಸೋಮವಾರ ಬೆಳಿಗ್ಗೆ ನೆವೆನಾ ಗೆನ್ಕೋವಾ ಎಂದಿನಂತೆ ಕೋಟು ಬಿಚ್ಚುವ ಮೊದಲೇ ಫೋನಿನ ಮುಂದೆ ಕೂತು, ನದಿಯ ಮಟ್ಟವನ್ನು ಊರಿನ ರೇಡಿಯೊಗೆ ಓದಿ ಹೇಳಿದಳು. ವಿದಿನ್ ಪಟ್ಟಣದ ಹತ್ತಿರ ಡ್ಯಾನ್ಯೂಬ್ ನದಿ ಎಷ್ಟು ಸೆಂಟಿಮೀಟರ್ ಇದೆ, ನಿನ್ನೆಗಿಂತ ಎಷ್ಟು ಇಳಿದಿದೆ, ನೀರು ಎಷ್ಟು ಬೆಚ್ಚಗಿದೆ, ಹಡಗುಗಳಿಗೆ ಎಚ್ಚರಿಕೆ ಏನಾದರೂ ಇದೆಯೇ. ಹದಿನೆಂಟು ವರ್ಷದಿಂದ ಅವಳು ಇದನ್ನು ಓದುತ್ತ ಬಂದಿದ್ದಾಳೆ. ಆ ಕಡೆ ಬರೆದುಕೊಳ್ಳುವ ಯಾನಾ ಎಂಬ ಹೆಂಗಸು "ಆಯ್ತು, ಒಳ್ಳೇದಾಗ್ಲಿ" ಎಂದು ಫೋನು ಇಡುವುದು ವಾಡಿಕೆ. ಇವತ್ತು ಇಡಲಿಲ್ಲ.

"ನೆವೆನಾ, ನೀನು ಅದು ಹೇಗೆ ಇವತ್ತೂ ಕೆಲಸಕ್ಕೆ ಬಂದೆ?" ಎಂದಳು, ದನಿ ತಗ್ಗಿಸಿ.

"ಸೋಮವಾರ ಅಲ್ವಾ?"

"ಅಲ್ಲ ಮಾರಾಯ್ತಿ, ದೋಣಿ ಎಲ್ಲಿ ಮುಳುಗ್ತು ಅಂತಾದ್ರೂ ಹೇಳು. ಶನಿವಾರದಿಂದ ನಿನ್ನ ನಂಬರಿಗೆ ಹೊಡೀತಾನೇ ಇದ್ದೀವಿ. ಹನ್ನೊಂದು ಜನ! ಸುದ್ದಿ ಹಾಕ್ಬೇಕೋ ಬಿಡಬೇಕೋ ನಮಗೆ ತಲೆ ಕೆಟ್ಟೋಗಿದೆ."

"ಯಾವ ದೋಣಿ?"

"ಎಸೆತ್ರಾ," ಎಂದಳು. "ನಿಮ್ಮದೇ ದೋಣಿ. ಊರ ತುಂಬ ನೀವೇ ಹಾಳೆ ಅಂಟಿಸಿದ್ದೀರಲ್ಲ."

ನೆವೆನಾ ಫೋನು ಕೆಳಗಿಟ್ಟು ಮೆಟ್ಟಿಲಿಳಿದು ಎದುರುಬಾಗಿಲಿಗೆ ಹೋದಳು. ಬೆಳಿಗ್ಗೆ ಅವಳು ಹಿಂಬಾಗಿಲಿನಿಂದ ಬಂದಿದ್ದಳು. ಮಾರ್ಚಿನಿಂದ ಈಚೆಗೆ ಹಾಗೇ. ಎದುರಿನಿಂದ ಬಂದರೆ ಯಾರಾದರೂ ಸಿಕ್ಕಿ ಕೈ ಹಿಡಿದುಕೊಂಡು "ಹೇಗಿದ್ದೀಯಾ" ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಹುಡುಕಬೇಕಾಗುತ್ತದೆ.

ಹೊರಗಿನ ಮೆಟ್ಟಿಲ ಮೇಲೆ ಹೂವಿತ್ತು. ಮನೆ ಅಂಗಳದ ಸೇವಂತಿಗೆಯನ್ನು ದಾರದಲ್ಲಿ ಕಟ್ಟಿ ತಂದವರಿದ್ದರು, ಅಂಗಡಿಯ ಕಾರ್ನೇಶನ್ ಹೂವನ್ನು ಪ್ಲಾಸ್ಟಿಕ್ ಸಮೇತ ಇಟ್ಟುಹೋದವರಿದ್ದರು. ಕೆಂಪು ಗಾಜಿನ ಲೋಟಗಳಲ್ಲಿ ಮೇಣದಬತ್ತಿ ಉರಿದು ಮುಗಿದಿತ್ತು. ಬಾಗಿಲಿನ ಎರಡೂ ಮಗ್ಗುಲಿಗೆ ಶುಕ್ರವಾರ ಸಂಜೆ ಅಂಟಿಸಿದ ಹನ್ನೊಂದು ಹಾಳೆ. ಒಂದೊಂದರಲ್ಲೂ ಒಂದು ಕಪ್ಪುಬಿಳುಪು ಮುಖ. ಕೆಳಗೆ ಹೆಸರು, ಹುದ್ದೆ, ಸಂಸ್ಥೆಗೆ ಸೇರಿದ ವರ್ಷ. ಮೇಲೆ ಸಣ್ಣಕ್ಷರದಲ್ಲಿ "ಕೃತಜ್ಞತೆಯೊಂದಿಗೆ". ಸುತ್ತ ಬೆರಳಿನಷ್ಟು ದಪ್ಪದ ಕಪ್ಪು ಗೆರೆ.

ಹಾಳೆಗಳನ್ನು ಮಾಡಿದವಳು ಅವಳೇ. ಮೂರು ವಾರ ಅವುಗಳನ್ನೇ ನೋಡಿದ್ದಳು. ಈಗ ಬಾಗಿಲ ಮೇಲೆ ನೋಡಿದಾಗ ಊರಿನವರಿಗೆ ಕಂಡದ್ದು ಅವಳಿಗೂ ಕಂಡಿತು.

ವಿದಿನ್‌ನಲ್ಲಿ ಇಂಥ ಹಾಳೆ ಇಲ್ಲದ ಬೀದಿಯಿಲ್ಲ. ಯಾರಾದರೂ ತೀರಿಕೊಂಡ ದಿನ, ಆಮೇಲೆ ನಲವತ್ತನೇ ದಿನ, ಆರು ತಿಂಗಳಿಗೆ, ವರ್ಷಕ್ಕೆ, ಮನೆಯವರು ಸತ್ತವರ ಫೋಟೊ ಹಾಕಿ ಶ್ರದ್ಧಾಂಜಲಿ ಹಾಳೆ ಮಾಡಿಸಿ ಬಾಗಿಲಿಗೆ, ಮರಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸುತ್ತಾರೆ. ಬ್ರೆಡ್ಡು ತರಲು ಹೊರಟವರು ನಿಂತು ಓದಿ, ಯಾರು, ಯಾರ ಪೈಕಿ, ವಯಸ್ಸೆಷ್ಟು ಎಂದು ನೋಡಿಕೊಂಡು ಮುಂದೆ ಹೋಗುತ್ತಾರೆ. ಜನ ಕಡಿಮೆಯಾಗುತ್ತ ಬಂದ ಊರಿನಲ್ಲಿ ಹಾಳೆಗಳು ಮಾತ್ರ ಕಡಿಮೆಯಾಗಿಲ್ಲ. ಒಂದೇ ಸಂಸ್ಥೆಯ ಹನ್ನೊಂದು ಜನರ ಹಾಳೆ ಒಂದೇ ದಿನ ಗೋಡೆಗೆ ಬಂದರೆ ಊರವರು ಏನೆಂದುಕೊಳ್ಳಬೇಕು? ಶುಕ್ರವಾರ ಸಂಸ್ಥೆಯ ದೋಣಿ ನದಿಗಿಳಿದದ್ದನ್ನು ನೋಡಿದವರಿದ್ದರು. ಉಳಿದದ್ದನ್ನು ಅವರೇ ಜೋಡಿಸಿಕೊಂಡಿದ್ದರು.

ಅವಳಿಗೆ ಗಾಬರಿಯಾಗಬೇಕಿತ್ತು. ಅದಕ್ಕಾಗಿ ಕಾದವಳಂತೆ ಅಲ್ಲೇ ನಿಂತಳು. ಬರಲಿಲ್ಲ. ಮೆಟ್ಟಿಲ ಮೇಲಿದ್ದ ಒಂದು ಲೋಟ ಓರೆಯಾಗಿತ್ತು. ಅದನ್ನು ನೆಟ್ಟಗೆ ಮಾಡಿ ಒಳಗೆ ಹೋದಳು.

*

ನದೀ ಸಂಶೋಧನಾ ಸಂಸ್ಥೆಯ ಸಂವಹನ ವಿಭಾಗದ ಮುಖ್ಯಸ್ಥೆ ಎಂದು ಅವಳ ಬಾಗಿಲ ಮೇಲೆ ಬರೆದಿದೆ. ವಿಭಾಗದಲ್ಲಿ ಅವಳೊಬ್ಬಳೇ. ಸಂಸ್ಥೆ ನಡೆಯುವುದು ಸರ್ಕಾರದ ಹಣದಲ್ಲಿ. ಆ ಹಣ ಏತಕ್ಕೆ ಖರ್ಚಾಗುತ್ತದೆ ಎಂದು ಜನರಿಗೆ ತಿಳಿಸುವುದು ಅವಳ ಕೆಲಸ. ಕೆಸರಿನ ತಜ್ಞರು ನಲವತ್ತು ಪುಟ ಬರೆದು ಕೊಟ್ಟದ್ದನ್ನು ಅವಳು ಹತ್ತು ಸಾಲು ಮಾಡುತ್ತಾಳೆ. ಮೀನಿನ ತಜ್ಞರು ಆ ಹತ್ತು ಸಾಲಿನಲ್ಲಿ ಎಂಟು ತಪ್ಪು ಹುಡುಕುತ್ತಾರೆ. ಶಾಲೆಯ ಮಕ್ಕಳು ಬಂದರೆ ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿ ಸ್ಟರ್ಜನ್ ಮೀನು ತೋರಿಸುತ್ತಾಳೆ. ಪ್ರವಾಹ ಬಂದ ವರ್ಷ ಕ್ಯಾಮೆರಾಗಳ ಮುಂದೆ ನಿಂತು "ಸದ್ಯಕ್ಕೆ ಅಪಾಯವಿಲ್ಲ" ಎಂದು ಹೇಳಿದವಳು ಅವಳೇ. ಅಪಾಯ ಬಂದಾಗ "ಪರಿಸ್ಥಿತಿಯ ಮೇಲೆ ನಿಗಾ ಇಟ್ಟಿದ್ದೇವೆ" ಎಂದವಳೂ ಅವಳೇ. ಯಾವ ಮಾತನ್ನು ಯಾವ ದನಿಯಲ್ಲಿ ಹೇಳಿದರೆ ಫೋನುಗಳು ನಿಲ್ಲುತ್ತವೆ ಎಂಬುದು ಅವಳಿಗೆ ಗೊತ್ತು.

ಮಾರ್ಚಿನಲ್ಲಿ ಅವಳ ಗಂಡ ಲ್ಯುಬೆನ್ ತೋಟದ ಗಾಜಿನ ಮನೆಯಲ್ಲಿ ಟೊಮೆಟೊ ಸಸಿಗಳಿಗೆ ನೀರು ಹಾಕುತ್ತಿದ್ದವನು ಕುಸಿದು ಬಿದ್ದ. ಹೈಸ್ಕೂಲಿನಲ್ಲಿ ಆಟದ ಮೇಷ್ಟರಾಗಿದ್ದವನು. ಒಂದು ದಿನವೂ ಜ್ವರ ಅಂತ ಮಲಗಿದ್ದಿಲ್ಲ. ನೆವೆನಾ ಒಂದು ವಾರ ರಜೆ ಹಾಕಿ ಕೆಲಸಕ್ಕೆ ವಾಪಸಾದಳು. ನದಿಯ ಮಟ್ಟ ಓದಿದಳು, ಸ್ಟರ್ಜನ್ ತೋರಿಸಿದಳು. ಶನಿವಾರ ಭಾನುವಾರ ಫೋನು ಆರಿಸಿ ಇಡತೊಡಗಿದಳು. ಸಂವಹನ ವಿಭಾಗದ ಮುಖ್ಯಸ್ಥೆ ಮಾಡಬಾರದ ಕೆಲಸ ಅದು. ಯಾರೂ ಗಮನಿಸಲಿಲ್ಲ, ಯಾಕೆಂದರೆ ಬೇಸಿಗೆಯಿಡೀ ನದಿಯಲ್ಲಿ ಏನೂ ಆಗಲಿಲ್ಲ.

ಸೆಪ್ಟೆಂಬರಿಗೆ ಲ್ಯುಬೆನ್‌ನ ಆರು ತಿಂಗಳು ತುಂಬುತ್ತಿತ್ತು. ಹಾಳೆ ಮಾಡಬೇಕಿತ್ತು. ಅವಳ ಅತ್ತೆ ಸ್ತಾನ್ಕಾ ಆಗಸ್ಟಿನಿಂದಲೇ ಕೇಳುತ್ತಿದ್ದಳು. ನೆವೆನಾ ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು, ಕಪ್ಪು ಗೆರೆ ಎಳೆದು, ಗಂಡನ ಫೋಟೊ ಹಾಕಿ, ಹೆಸರು ಮತ್ತು ವರ್ಷ ಬರೆದಳು. ಅದರ ಕೆಳಗೆ ಎರಡು ಸಾಲು ಬರೆಯುವುದು ಪದ್ಧತಿ. ಊರಿನ ಅರ್ಧ ಜನ ತಮ್ಮ ಮನೆಯವರ ಹಾಳೆಗೆ ಅವಳಿಂದಲೇ ಆ ಎರಡು ಸಾಲು ಬರೆಸಿಕೊಂಡು ಹೋಗಿದ್ದಾರೆ. ತನ್ನ ಗಂಡನ ಹಾಳೆಗೆ ಒಂದು ಸಾಲೂ ಹೊಳೆಯಲಿಲ್ಲ. ದಿನಾ ಬೆಳಿಗ್ಗೆ ಆ ಪುಟ ತೆರೆಯುತ್ತಿದ್ದಳು. ಸಂಜೆಯವರೆಗೂ ಅದು ಬೇರೆ ಕೆಲಸಗಳ ಹಿಂದೆ ತೆರೆದೇ ಇರುತ್ತಿತ್ತು.

ಅದೇ ವಾರಗಳಲ್ಲಿ ಸಂಸ್ಥೆಯ ಎಪ್ಪತ್ತನೇ ವರ್ಷದ ತಯಾರಿಯೂ ನಡೆದಿತ್ತು. ತೆರೆದ ಬಾಗಿಲಿನ ದಿನ ಎಂದು ವರ್ಷಕ್ಕೊಮ್ಮೆ ಊರವರನ್ನೆಲ್ಲ ಒಳಗೆ ಕರೆಯುತ್ತಾರೆ. ಈ ಸಲ ವಿಜ್ಞಾನಿಗಳ ಮುಖ ಜನರಿಗೆ ಪರಿಚಯವಾಗಬೇಕು ಎಂದು ರಾಜಧಾನಿ ಸೋಫಿಯಾದಿಂದ ಸೂಚನೆ ಬಂದಿತ್ತು. ನೆವೆನಾ ಹನ್ನೊಂದು ಜನರ ಫೋಟೊ ಕೂಡಿಸಿದಳು. ಕೆಲವು ಗುರುತಿನ ಚೀಟಿಯವು, ಕೆಲವು ಮದುವೆಮನೆಯವು, ಬಣ್ಣಕ್ಕೆ ಬಣ್ಣ ಹೊಂದಲಿಲ್ಲ. ಎಲ್ಲವನ್ನೂ ಕಪ್ಪುಬಿಳುಪು ಮಾಡಿದಳು. ಹಿನ್ನೆಲೆ ಬೆಳ್ಳಗಿದ್ದದ್ದರಿಂದ ಮುಖಗಳು ಕಾಗದದೊಳಗೆ ಕರಗಿಹೋಗುತ್ತಿದ್ದವು. ಒಂದು ಚೌಕಟ್ಟು ಬೇಕೆನಿಸಿತು. ಚೌಕಟ್ಟಿದ್ದ ಪುಟವೊಂದು ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ಅದರ ಪ್ರತಿ ಮಾಡಿ, ಲ್ಯುಬೆನ್‌ನ ಮುಖ ತೆಗೆದು, ಇನ್ನೊಬ್ಬರ ಮುಖ ಕೂರಿಸಿದಳು. ಹನ್ನೊಂದು ಸಲ. ಶುಕ್ರವಾರ ಕಾವಲುಗಾರ ಮತ್ತು ಡ್ರೈವರ್ ಹಾಳೆಗಳ ಕಟ್ಟು ಹಿಡಿದುಕೊಂಡು "ಎಲ್ಲೆಲ್ಲಿ ಅಂಟಿಸೋದು ಮೇಡಂ?" ಎಂದು ಕೇಳಿದಾಗ "ಎಲ್ಲರೂ ಅಂಟಿಸೋ ಕಡೆ" ಎಂದಳು.

*

ಮೊದಲು ಬಂದವರು ಡಾಕ್ಟರ್ ಎವ್ಲೋಗಿ. ಎಪ್ಪತ್ತೆಂಟು ವಯಸ್ಸು, ನಿವೃತ್ತರಾಗಿ ವರ್ಷಗಳಾದರೂ ದಿನಾ ಬಂದು ಸ್ಟರ್ಜನ್ ತೊಟ್ಟಿಯ ಪಕ್ಕ ಕೂರುತ್ತಾರೆ. ಹನ್ನೊಂದರಲ್ಲಿ ಮೊದಲ ಮುಖ ಅವರದೇ. ಕೈಯಲ್ಲಿ ಹೂವಿನ ಗೊಂಚಲಿತ್ತು.

"ನೆವೆ, ಇಗೋ ನಾನು ಸತ್ತೆ," ಎಂದು ಹೂವನ್ನು ಮೇಜಿನ ಮೇಲಿಟ್ಟರು. "ನನ್ನ ಮನೆ ಬಾಗಿಲಿಗೆ ಇಟ್ಟಿದ್ರು. ಎಣಿಸಿ ನೋಡಿದೆ. ನಾಲ್ಕು. ಜೋಡಿ ಲೆಕ್ಕ, ಸತ್ತವರಿಗೆ ಇಡೋ ಹಾಗೆ. ಬದುಕಿದ್ದೋನಿಗೆ ಯಾರಾದ್ರೂ ಜೋಡಿ ಹೂ ಕೊಡ್ತಾರಾ?"

"ಕ್ಷಮಿಸಿ, ಡಾಕ್ಟ್ರೇ."

"ಕ್ಷಮೆ ಗಿಮೆ ಬೇಡ. ನಿನ್ನೆ ಬಾಗಿಲು ತೆಗೆದ್ರೆ ಮೂರನೇ ಮಹಡಿ ಹೆಂಗಸು ನಿಂತಿದ್ಲು, ಕೈಯಲ್ಲಿ ತಟ್ಟೆ. ಬೇಯಿಸಿದ ಗೋಧಿ! ನನ್ನ ಹೆಸರಲ್ಲಿ ಹಂಚೋಕೆ! ನನ್ನ ನೋಡಿ ಕಿರುಚಿಕೊಂಡಳು. ಆಮೇಲೆ ಉಸಿರು ತಗೊಂಡು ಏನಂತಾಳೆ ಗೊತ್ತಾ? 'ಹಂಗಾದ್ರೆ ನಿಮ್ಮ ಗ್ಯಾರೇಜು ನಮಗೆ ಬಾಡಿಗೆಗೆ ಸಿಗಲ್ವಾ?' ಅಂತಾಳೆ."

"ಗೋಧಿ ಏನು ಮಾಡಿದ್ರಿ?"

"ತಿಂದೆ. ಸಕ್ಕರೆ ಚೆನ್ನಾಗಿ ಹಾಕಿದ್ಲು." ಅವರು ಕುರ್ಚಿ ಎಳೆದುಕೊಂಡು ಕೂತು ಅವಳ ಮುಖ ನೋಡಿದರು. ನಗು ಇಳಿಯಿತು. "ನಂದು ಬಿಡು ಹುಡುಗಿ. ಬೊಗ್ದಾನ್‌ನ ತಾಯಿ ವಿಷಯ ಗೊತ್ತಾಯ್ತಾ?"

ಗೊತ್ತಿರಲಿಲ್ಲ. ಬೊಗ್ದಾನ್ ದೋಣಿಯ ಮೇಲಿರುವ ಜೀವಶಾಸ್ತ್ರಜ್ಞ, ಸಂಸ್ಥೆಗೆ ಸೇರಿ ಎರಡು ವರ್ಷವಾಗಿತ್ತು. ಅವನ ತಾಯಿ ಭಾನುವಾರ ಹಳ್ಳಿಯಿಂದ ಚರ್ಚಿಗೆಂದು ಬಂದವಳು, ಬಸ್ ನಿಲ್ದಾಣದ ಗೋಡೆಯ ಮೇಲೆ ಮಗನ ಮುಖ ನೋಡಿದಳು. ಓಡಿಬರುವಾಗ ನಿಲ್ದಾಣದ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿದ್ದಳು. ಮಗ ಬದುಕಿದ್ದಾನೆ ಎಂದು ಅಲ್ಲಿ ಯಾರು ಹೇಳಿದರೂ ಆಕೆ ನಂಬುತ್ತಿರಲಿಲ್ಲ. ಮನಸ್ಸಿಗೆ ಸಮಾಧಾನವಾಗಲಿ ಎಂದು ಹೇಳುತ್ತಿದ್ದಾರೆ ಎಂದುಕೊಂಡಿದ್ದಳು.

ದೋಣಿಯಿದ್ದ ಜಾಗದಲ್ಲಿ, ಕೆಳಗಡೆಯ ನಡುಗಡ್ಡೆಗಳ ಹಿಂದೆ, ಫೋನು ಸಿಗುವುದಿಲ್ಲ. ನೆವೆನಾ ನದಿ ಪೊಲೀಸರಿಗೆ ಹೇಳಿ ವೈರ್‌ಲೆಸ್‌ನಲ್ಲಿ ಸಂಪರ್ಕ ಮಾಡಿಸಿದಳು. ಕ್ಯಾಪ್ಟನ್‌ನ ದನಿ ಗರಗರ ಎಂದು ಬಂತು.

"ನಾವಾ? ಸತ್ತಿದ್ದೀವಾ? ಯಾರು ಹೇಳಿದ್ದು? ಮೀನಿನ ಸಾರು ಕುದೀತಿದೆ ಇಲ್ಲಿ. ಸತ್ತವರಿಗೆ ಇಷ್ಟು ಹಸಿವಾಗಲ್ಲ ಅಂತ ಹೇಳಿ ಅವರಿಗೆ."

"ಬೊಗ್ದಾನ್‌ನ ಕರೀರಿ," ಎಂದಳು ನೆವೆನಾ.

ಅವನಿಗೆ ವಿಷಯ ಹೇಳಿದವಳೂ ಅವಳೇ. ಸಣ್ಣ ವಾಕ್ಯಗಳಲ್ಲಿ, ಮುಖ್ಯವಾದದ್ದನ್ನು ಮೊದಲಿಟ್ಟು ಹೇಳಿದಳು: ನಿನ್ನ ತಾಯಿ ಬದುಕಿದ್ದಾರೆ, ಬಿದ್ದಿದ್ದಾರೆ, ಮೂಳೆ ಮುರಿದಿದೆ, ಪೊಲೀಸರ ದೋಣಿ ನಿನ್ನನ್ನು ಕರೆತರಲು ಹೊರಟಿದೆ. ಅವನು "ಯಾಕೆ ಬಿದ್ರು?" ಎಂದ. ಅವಳು ಅದನ್ನೂ ಹೇಳಿದಳು. ವೈರ್‌ಲೆಸ್ ಕೆಳಗಿಟ್ಟ ಮೇಲೆ ತನ್ನ ದನಿ ಬೆಳಿಗ್ಗೆ ನದಿಯ ಮಟ್ಟ ಓದುವ ದನಿಯಂತೆಯೇ ಇತ್ತು ಎಂದು ಅವಳಿಗೆ ಅನಿಸಿತು.

*

ಸಂಸ್ಥೆಯ ನಿರ್ದೇಶಕ ಪ್ರೊಫೆಸರ್ ಕರಾಜೋವ್ ಕೂಗಾಡುವವರಲ್ಲ. ಕೋಪ ಬಂದಾಗ ಕನ್ನಡಕ ಒರೆಸುತ್ತಾರೆ. ಅವತ್ತು ಬಹಳ ಹೊತ್ತು ಒರೆಸಿದರು.

"ಸಚಿವಾಲಯದಿಂದ ಎರಡು ಸಲ ಫೋನ್ ಬಂತು. ಸಂತಾಪ ಸೂಚಿಸೋಕೆ ಒಂದ್ಸಲ. ಏನು ನಾಟಕ ಇದು ಅಂತ ಕೇಳೋಕೆ ಇನ್ನೊಂದ್ಸಲ. ಆ ಎರಡನೇ ಸಲ ಏನು ಕೇಳಿದ್ರು ಅಂದ್ರೆ, ಯಾರ ತಪ್ಪು ಅಂತ."

"ಹಾಳೆ ಮಾಡಿದ್ದು ನಾನು."

"ನೀವು ಕಳಿಸಿದ್ದು ಫೈಲು. ಹಾಳೆ ಮಾಡಿದ್ದು ಪ್ರೆಸ್ಸಿನವನು." ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು. "ನಾವು ಬಣ್ಣದಲ್ಲಿ ಕೊಟ್ವಿ. ಅವನು ಕಪ್ಪಲ್ಲಿ ಹೊಡೆದ. ಚೌಕಟ್ಟು ಅವನೇ ಹಾಕ್ದ. ಅವನ ಕೈಗೆ ಅದೇ ಅಭ್ಯಾಸ ಅಲ್ವಾ, ದಿನಾ ಸತ್ತವರದ್ದೇ ಮಾಡ್ತಾನೆ. ಜನ ಒಪ್ತಾರೆ. ಗೆಂಚೊ ಒಂದು ಸಹಿ ಹಾಕಿ ಕೊಟ್ಟರೆ ಮುಗೀತು."

"ಅವರು ಹಾಗೆ ಮಾಡಲಿಲ್ಲ."

"ನನಗೂ ಗೊತ್ತು, ನೆವೆನಾ ಅವರೇ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಸಂವಹನದ ಕೆಲಸಾನೆಲ್ಲ ಸೋಫಿಯಾಗೆ ಎಳ್ಕೊಳ್ಳೋಕೆ ಅವರು ಯಾವಾಗಿಂದಲೋ ನೋಡ್ತಿದ್ದಾರೆ. ತಪ್ಪು ನಮ್ಮದು ಅಂತ ಬರೆದರೆ ಆ ಕುರ್ಚಿ ಉಳಿಯಲ್ಲ. ಗೆಂಚೊಗೆ ಏನಾಗತ್ತೆ? ಒಂದೆರಡು ತಿಂಗಳು ಕೆಲಸ ಕೊಡಲ್ಲ ಅಂತೀವಿ, ಆಮೇಲೆ ಕೊಡ್ತೀವಿ." ಕನ್ನಡಕ ಹಾಕಿಕೊಂಡರು. "ನಾಲ್ಕು ಗಂಟೆ ಸುದ್ದಿಗೆ ಹೇಳಿಕೆ ಹೋಗಲಿ. ನೀವು ಬರೀತೀರಲ್ಲ, ನಿಮ್ಮಷ್ಟು ಚೆನ್ನಾಗಿ ಯಾರು ಬರೀತಾರೆ?"

ಅವಳು ಬರೆದಳು. "ಮುದ್ರಣದ ಹಂತದಲ್ಲಿ ಉಂಟಾದ ಲೋಪದಿಂದಾಗಿ" ಎಂದು ಶುರುವಾಗಿ, "ಸಂಸ್ಥೆ ವಿಷಾದ ವ್ಯಕ್ತಪಡಿಸುತ್ತದೆ" ಎಂದು ಮುಗಿಯಿತು. ಎಲ್ಲೂ ಕಾಲು ಎಡವುವಂತಿರಲಿಲ್ಲ. ಇಂಥವನ್ನು ಅವಳು ನೂರಾರು ಬರೆದಿದ್ದಾಳೆ: ಅಳತೆಯ ಉಪಕರಣದ ತಾಂತ್ರಿಕ ದೋಷ, ಸಾಗಣೆಯ ವಿಳಂಬ, ಋತುಮಾನದ ಕಾರಣ. ಅವುಗಳ ಹಿಂದೆ ಒಬ್ಬ ಮನುಷ್ಯನ ಹೆಸರು ಇದ್ದದ್ದು ಕಡಿಮೆ. ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಪ್ರೆಸ್ಸಿಗೆ ಹೊರಟಳು.

ದಾರಿಯಲ್ಲಿ ಕಾವಲುಗಾರ ಏಣಿ ಹಾಕಿಕೊಂಡು ಹಾಳೆಗಳನ್ನು ಕೀಳುತ್ತಿದ್ದ. ಒಳ್ಳೆಯ ಅಂಟು, ಪೂರ್ತಿ ಬರುತ್ತಿರಲಿಲ್ಲ. ಕೆಲವು ಕಡೆ ಅರ್ಧ ಮುಖ ಉಳಿದಿತ್ತು. ನಿನ್ನೆ ಅತ್ತೆ ಸ್ತಾನ್ಕಾ ಚರ್ಚಿನಿಂದ ಬಂದು, ತಲೆವಸ್ತ್ರವನ್ನೂ ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದಳು. "ಊರವರೆಲ್ಲ ಗೋಡೆ ಮೇಲಿದ್ದಾರೆ," ಎಂದಿದ್ದಳು. "ನನ್ನ ಮಗನೊಬ್ಬ ಇಲ್ಲ." ನೆವೆನಾ ಅದನ್ನು ದಿನನಿತ್ಯದ ಮೂದಲಿಕೆ ಎಂದುಕೊಂಡು "ಆಯ್ತಮ್ಮ, ಈ ವಾರ ಮಾಡಿಸ್ತೀನಿ" ಎಂದು ಮೆಣಸಿನಕಾಯಿ ಸುಡುವುದನ್ನು ಮುಂದುವರಿಸಿದ್ದಳು. ಊರವರೆಲ್ಲ ಎಂದರೆ ಯಾರು ಎಂದು ಕೇಳಬೇಕೆಂದು ತೋಚಿರಲಿಲ್ಲ.

*

ಗೆಂಚೊನ ಪ್ರೆಸ್ಸು ಚರ್ಚಿನ ಪಕ್ಕದ ಒಂದೇ ಕೋಣೆ. ಮದುವೆ ಕರೆಯೋಲೆ, ವಿಸಿಟಿಂಗ್ ಕಾರ್ಡು, ಸಂಸ್ಥೆಯ ಕರಪತ್ರ ಎಲ್ಲ ಮಾಡುತ್ತಾನೆ; ಆದರೆ ಬದುಕು ನಡೆಯುವುದು ಶ್ರದ್ಧಾಂಜಲಿ ಹಾಳೆಗಳಿಂದ. ಊರಲ್ಲಿ ಎಲ್ಲರೂ ಅವನನ್ನು ಬಾಯ್ ಗೆಂಚೊ, ಅಂದರೆ ಗೆಂಚೊ ಅಣ್ಣ, ಎಂದೇ ಕರೆಯುವುದು.

"ಬನ್ನಿ ಗೆನ್ಕೋವಾ ಅವ್ರೇ," ಎಂದು ಕುರ್ಚಿಯ ಮೇಲಿದ್ದ ಕಾಗದದ ಕಟ್ಟು ಎತ್ತಿದ. "ಕಾಫಿ ಮಾಡ್ಲಾ? ಇಲ್ಲಾ ಪೊಲೀಸ್ನೋರು ಹಿಂದೆ ಬರ್ತಿದ್ದಾರಾ?"

"ಕಾಫಿ ಬೇಡ, ಬಾಯ್ ಗೆಂಚೊ."

"ಹಾಗಾದ್ರೆ ಪೊಲೀಸೇ." ನಕ್ಕ. ಅವಳು ನಗದ್ದನ್ನು ನೋಡಿ ತಾನೂ ನಿಲ್ಲಿಸಿದ.

"ನೀವು ಹಾಳೆ ಹೊಡೆಯುವಾಗ ನಿಮಗೆ ಗೊತ್ತಾಗಿತ್ತಾ?"

ಅವನು ಕೈ ಒರೆಸಿಕೊಂಡ. ಆಗಲೇ ಒಣಗಿದ್ದ ಕೈ. "ಗೊತ್ತಾಗದೆ ಇರತ್ತಾ? ಮೂವತ್ತು ವರ್ಷದಿಂದ ಇದೇ ಮಾಡ್ತಿದ್ದೀನಿ."

"ನನಗೆ ಹೇಳಲಿಲ್ಲ."

"ಕೇಳಿದ್ನಲ್ಲ. 'ಗೆರೆ ಇರ್ಲಾ?' ಅಂದೆ. 'ಇರಲಿ' ಅಂದ್ರಿ. 'ಬಣ್ಣ ಏನಾದ್ರೂ?' ಅಂದೆ. 'ಬೇಡ' ಅಂದ್ರಿ. ಇನ್ನೂ ಏನಂತ ಹೇಳ್ಲಿ? ಗಂಡ ಸತ್ತು ಆರು ತಿಂಗಳಾಗದ ಹೆಂಗಸಿನ ಎದುರು ನಿಂತು, 'ನೋಡಮ್ಮ, ಇದು ಸತ್ತವರ ಹಾಳೆ ತರಾ ಇದೆ' ಅಂತ ನನ್ನ ಬಾಯಲ್ಲಿ ಬರತ್ತಾ? ನಿಮ್ಮ ಮುಖ ನೋಡಿದೆ. ಸುಮ್ನಾದೆ. ಸಂಸ್ಥೆಯವರಿಗೆ ಈಗ ಇದೇ ಫ್ಯಾಷನ್ ಇರಬೇಕು ಅಂದ್ಕೊಂಡೆ."

ನೆವೆನಾ ಚೀಲದಿಂದ ಹೇಳಿಕೆ ತೆಗೆದು ಕೊಟ್ಟಳು. ಅವನು ಕಿಟಕಿಯ ಹತ್ತಿರ ಹೋಗಿ, ಕಾಗದವನ್ನು ದೂರ ಹಿಡಿದು ಓದಿದ. ಮತ್ತೊಂದು ಸಲ ಓದಿದ.

"ಚೆನ್ನಾಗಿ ಬರೆದಿದ್ದೀರಿ," ಎಂದ.

"ನಿರ್ದೇಶಕರು ಸಹಿ ಕೇಳ್ತಿದ್ದಾರೆ."

"ಹೂಂ." ಅವನು ಮೇಜಿನ ಮೇಲೆ ಪೆನ್ನು ಹುಡುಕಿದ. "ಹಾಕ್ತೀನಿ ಬಿಡಿ. ನಿಮಗೆ ಈ ವರ್ಷ ಆಗಿರೋದೇ ಸಾಕು."

"ಸಹಿ ಹಾಕಿದ್ರೆ ನಿಮಗೇನಾಗತ್ತೆ?"

"ನನಗೇನು, ಸಂಸ್ಥೆಯ ಕೆಲಸ ಹೋಗತ್ತೆ. ವರ್ಷಕ್ಕೆ ನಾಲ್ಕು ಕರಪತ್ರ." ಪೆನ್ನು ಸಿಕ್ಕಿತು, ಬರೆಯಲಿಲ್ಲ, ಕಾಗದದ ಅಂಚಿನಲ್ಲಿ ಗೀಚಿ ನೋಡಿದ. "ಮಿಕ್ಕಿದ್ದು... ನೋಡಿ, ಜನ ಇಲ್ಲಿಗೆ ಯಾವಾಗ ಬರ್ತಾರೆ? ಮನೆಯಲ್ಲಿ ಹೆಣ ಇರುವಾಗ. ಬದುಕಿದ್ದವರಿಗೆ ಕಪ್ಪು ಗೆರೆ ಹೊಡೆದೋನು ಅಂತ ಹೆಸರು ಬಂದ್ರೆ ಇಲ್ಲಿಗೆ ಬರ್ತಾರಾ? ಕೈ ಸರಿಯಿಲ್ಲ ಅಂತಾರೆ, ಅಪಶಕುನ ಅಂತಾರೆ. ಮುದುಕಿಯರು ಈ ಬೀದಿಗೇ ಬರಲ್ಲ. ಬಸ್ ಸ್ಟ್ಯಾಂಡಿನ ಹತ್ರ ಹೊಸ ಹುಡುಗ ಒಬ್ಬ ಅಂಗಡಿ ಇಟ್ಟಿದ್ದಾನೆ, ಅವನ ಹತ್ರ ಹೋಗ್ತಾರೆ." ಪೆನ್ನಿನ ಇಂಕು ಬಂತು. "ಎಲ್ಲಿ ಹಾಕ್ಲಿ? ಕೆಳಗಾ?"

ದುಃಖ ತೋಡಿಕೊಳ್ಳುವವನಂತೆ ಅವನು ಹೇಳಲಿಲ್ಲ. ನಾಳೆ ಮಳೆ ಬರಬಹುದು ಎನ್ನುವಂತೆ ಹೇಳಿದ. ನೆವೆನಾ ಕೈ ಚಾಚಿ ಅವನ ಕೈಯಿಂದ ಕಾಗದ ತೆಗೆದುಕೊಂಡಳು.

"ಯಾಕೆ, ಏನಾದ್ರೂ ತಿದ್ದೋದಿದೆಯಾ?"

"ಹೂಂ. ತಿದ್ದೋದಿದೆ."

ಕೂತಿದ್ದ ಹಾಗೆಯೇ ಇನ್ನೊಂದು ಮಾತು ಹೇಳಿದಳು. "ಲ್ಯುಬೆನ್‌ದು ಮಾಡಬೇಕು. ಫೋಟೊ, ಹೆಸರು, ವರ್ಷ ಎಲ್ಲ ಇದೆ. ಕಳಿಸ್ತೀನಿ."

"ಸಾಲು?"

"ನಿಮ್ಮ ಹತ್ರ ಇರೋದ್ರಲ್ಲಿ ಒಂದು ಹಾಕಿ."

ಗೆಂಚೊ ಅವಳನ್ನು ನೋಡಿದ. ಬರೆಯಲು ಬಾರದವರಿಗಾಗಿ ಅವನು ಸಿದ್ಧ ಸಾಲುಗಳ ಒಂದು ಪುಟವನ್ನು ಗೋಡೆಗೆ ಅಂಟಿಸಿಟ್ಟಿದ್ದ. ಅದರಲ್ಲಿ ನಾಲ್ಕೈದು ಅವಳೇ ಹಿಂದೆ ಯಾರಿಗೋ ಬರೆದುಕೊಟ್ಟವು. "ಯಾವುದು?" ಎಂದ. ಅವಳು ಎದ್ದು ಹತ್ತಿರ ಹೋಗಿ ಮೇಲಿಂದ ಕೆಳಗೆ ಓದಿದಳು. ಮೂರನೆಯದು ತೋರಿಸಿದಳು. ಅದು ಅವಳದಲ್ಲ.

"ಮಾಡ್ತೀನಿ," ಎಂದ ಗೆಂಚೊ. "ನಿಮ್ಮ ಅತ್ತೆ ಬಂದು ತಗೊಳ್ಲಿ. ಅವರಿಗೇ ಕೊಡ್ತೀನಿ."

*

ಕಚೇರಿಗೆ ಬಂದು ಅವಳು ಹಳೆಯ ಹೇಳಿಕೆಯನ್ನು ಪಕ್ಕಕ್ಕಿಟ್ಟು ಹೊಸದನ್ನು ಬರೆದಳು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಿತು; ಕೈಗೆ ಬರುವ ಪದಗಳನ್ನೆಲ್ಲ ಬಿಡಬೇಕಾಯಿತು. ಕೊನೆಗೆ ಉಳಿದದ್ದು ಇಷ್ಟು: ಸಂಸ್ಥೆಯ ದೋಣಿಗೆ ಏನೂ ಆಗಿಲ್ಲ. ಹಾಳೆಗಳಲ್ಲಿರುವ ಹನ್ನೊಂದು ಜನರೂ ಬದುಕಿದ್ದಾರೆ. ಹಾಳೆಗಳು ಶ್ರದ್ಧಾಂಜಲಿಯ ರೂಪದಲ್ಲಿದ್ದವು. ಆ ರೂಪ ಕೊಟ್ಟವಳು ಸಂವಹನ ವಿಭಾಗದ ಮುಖ್ಯಸ್ಥೆ ನೆವೆನಾ ಗೆನ್ಕೋವಾ. ಎಲ್ಲಿ ಅಂಟಿಸಬೇಕೆಂದು ಹೇಳಿದವಳೂ ಅವಳೇ. ಮುದ್ರಕರು ತಮಗೆ ಕೊಟ್ಟದ್ದನ್ನು ಕೊಟ್ಟಂತೆಯೇ ಮುದ್ರಿಸಿದ್ದಾರೆ. ಇದರಿಂದ ಒಬ್ಬ ತಾಯಿಗೆ ಪೆಟ್ಟಾಗಿದೆ.

ಲ್ಯುಬೆನ್ ಬಗ್ಗೆ ಬರೆಯಬೇಕೇ ಎಂದು ಯೋಚಿಸಿದಳು. ಬರೆದರೆ ಜನ ಅಯ್ಯೋ ಎನ್ನುತ್ತಾರೆ, ಸಚಿವಾಲಯದವರೂ ಮೆತ್ತಗಾಗಬಹುದು, ಕುರ್ಚಿಯೂ ಉಳಿಯಬಹುದು. ಅದು ಅವಳಿಗೆ ವೃತ್ತಿಯಿಂದಲೇ ಗೊತ್ತಿತ್ತು. ಬರೆಯಲಿಲ್ಲ. ಯಾಕೆ ಎಂದು ಆಮೇಲೆ ಡಾಕ್ಟರ್ ಎವ್ಲೋಗಿ ಕೇಳಿದಾಗ "ಅದು ಸುದ್ದಿಯಲ್ಲ" ಎಂದಳು.

ನಿರ್ದೇಶಕರಿಗೆ ತೋರಿಸದೆ ಕಳಿಸಲು ಅವಳಿಗೆ ಅಧಿಕಾರವಿತ್ತು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಬಳಸಿರಲಿಲ್ಲ. ಮೂರೂಮುಕ್ಕಾಲಿಗೆ ಯಾನಾಗೆ ಫೋನು ಮಾಡಿ ತಾನೇ ಓದಿದಳು.

"ಹೀಗೇ ಹಾಕ್ಲಾ?" ಎಂದಳು ಯಾನಾ. "ಹೆಸರು ಸಮೇತ?"

"ಹೆಸರು ಸಮೇತ."

"ಹುಚ್ಚು ನಿನಗೆ. ಇರು, ಆ 'ಪೆಟ್ಟಾಗಿದೆ' ಇನ್ನೊಂದ್ಸಲ ಹೇಳು, ಬರ್ಕೊಳ್ತೀನಿ."

ಸುದ್ದಿ ಪ್ರಸಾರವಾದ ಮೇಲೆ ಕರಾಜೋವ್ ಅವಳ ಕೋಣೆಗೆ ತಾವೇ ಬಂದರು. ಅವರು ಆ ಕೋಣೆಗೆ ಬಂದದ್ದು ಅಪರೂಪ. ಬಾಗಿಲಲ್ಲೇ ನಿಂತರು. ಕನ್ನಡಕ ಒರೆಸಲಿಲ್ಲ.

"ನಾನು ನಿಮ್ಮನ್ನ ಉಳಿಸೋಕೆ ನೋಡ್ದೆ."

"ಗೊತ್ತು, ಪ್ರೊಫೆಸರ್."

"ಇನ್ನು ನನ್ನ ಕೈಯಲ್ಲಿಲ್ಲ."

"ಅದೂ ಗೊತ್ತು."

ಅವರು ಇನ್ನೂ ಏನೋ ಹೇಳುವವರಿದ್ದರು. ಅವಳ ಮುಖದಲ್ಲಿ ಏನಾದರೂ ಕಾಣುತ್ತದೇನೋ ಎಂದು ನೋಡಿ, ಕಾಣದೆ, ಹೋದರು. ಅವಳಿಗೆ ಹಗುರವೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಚಹಾ ಕುಡಿಯಬೇಕೆನಿಸಿತು, ಕೆಟಲಿನಲ್ಲಿ ನೀರಿರಲಿಲ್ಲ. ತುಂಬಿಸಿಕೊಂಡು ಬಂದಳು.

ಸಂಜೆ ಆಸ್ಪತ್ರೆಗೆ ಹೋದಳು. ಬೊಗ್ದಾನ್ ಅಷ್ಟರಲ್ಲಿ ಬಂದಿದ್ದ. ರಬ್ಬರ್ ಬೂಟು ಕಳಚದೆ ತಾಯಿಯ ಹಾಸಿಗೆಯ ಪಕ್ಕ ಕೂತಿದ್ದ. ತಾಯಿ ಅವನ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದಳು. ನೆವೆನಾ ತಾನು ಯಾರೆಂದು ಹೇಳಿದಳು.

"ಫೋಟೊ ನೀನೇ ಹಾಕಿದ್ದಾ?" ಎಂದಳು ಮುದುಕಿ.

"ಹೌದು."

"ಯಾಕಷ್ಟು ಕೆಟ್ಟ ಫೋಟೊ ಹಾಕ್ದೆ? ಕಿವಿ ಎರಡೂ ನಿಗಿರ್ಕೊಂಡಿದ್ವು. ಸತ್ತಿದ್ದಾನೆ ಅಂತ ಅಳ್ತಾ ಇದ್ರೂ, ಇವನ ಕಿವಿ ಇಷ್ಟು ದೊಡ್ಡವಾ ಅಂದ್ಕೊಂಡೆ."

ಬೊಗ್ದಾನ್ ನಕ್ಕ. ನೆವೆನಾಳತ್ತ ನೋಡಲಿಲ್ಲ. ಅವಳು ತಂದಿದ್ದ ದ್ರಾಕ್ಷಿಯನ್ನು ಕಿಟಕಿಯ ಅಂಚಿನಲ್ಲಿಟ್ಟು, ಆಪರೇಷನ್ ಯಾವತ್ತು ಎಂದು ಕೇಳಿ, ಸ್ವಲ್ಪ ಹೊತ್ತು ನಿಂತಿದ್ದು ಹೊರಟಳು.

ಅಕ್ಟೋಬರ್ ಒಂದರಿಂದ ಸಂಸ್ಥೆಯ ಸಂವಹನದ ಕೆಲಸ ಸೋಫಿಯಾದ ಕಚೇರಿಗೆ ಹೋಗುತ್ತದೆ. ನೆವೆನಾಗೆ ಸಂಸ್ಥೆಯ ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸ ಕೊಟ್ಟಿದ್ದಾರೆ. ತೆರೆದ ಬಾಗಿಲಿನ ದಿನದ ಕರಪತ್ರಗಳನ್ನು ಗೆಂಚೊನೇ ಮುದ್ರಿಸುತ್ತಿದ್ದಾನೆ.